ಗ್ರಾನಡಾ ಮತ್ತು ಕೆಂಪು ಚಟ್ನಿ

"ಈ ಸಲ ಗ್ರಾನಡಾ ಬೀಳಂಗಿಲ್ಲ," ಎಂದು ಇತಿಹಾಸದ ಮಾಸ್ತರ ಮರಿಲಿಂಗಪ್ಪ ತಮ್ಮ ರೊಟ್ಟಿಯ ನಡುವೆ ಉಳ್ಳಾಗಡ್ಡಿ ಚೂರೊಂದನ್ನು ಕೋಟೆಯಂತೆ ನಿಲ್ಲಿಸಿದರು. ಆ ಊರನ್ನು ಆಳಿದ ಸ್ಪೇನಿನ ಕೊನೆಯ ಸುಲ್ತಾನನನ್ನು ಕಲ್ಪನೆಯಲ್ಲಾದರೂ ಸೋಲಲು ಬಿಡದಿರುವುದು ಅವರ ಹಳೆಯ ಹಟ. ಕಾಲುವೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದ ಹೆಂಡತಿ ಮೌನಮ್ಮ ನಕ್ಕಳು.

"ಬೀಳದಿದ್ರ ಏನಾಗ್ತಿತ್ರಿ?"

"ಕ್ರೈಸ್ತರ ರಾಣಿ ಯುದ್ಧದಾಗ ಸಿಕ್ಕೊಂಡಿರತಿದ್ಲು. ಸಮುದ್ರಕ್ಕ ಹಡಗ ಕಳಸ್ತಿರಲಿಲ್ಲ. ಆ ಹಡಗಿನವರು ದೂರದ ಹೊಸ ನೆಲದಾಗ ಕಂಡ ಮೆಣಸಿನಕಾಯಿ ನಮ್ಮ ಕಡಿ ಬರ್ತಿರಲಿಲ್ಲ."

ಮೌನಮ್ಮ ಅವರ ರೊಟ್ಟಿಯ ಮೇಲಿದ್ದ ಕೆಂಪು ಚಟ್ನಿಯನ್ನಷ್ಟೂ ಬಳಿದುಕೊಂಡಳು. ಕಾಲುವೆಗೆ ನೀರು ಬಂದ ಮೇಲೆ ಅವಳೇ ಬೆಳೆದ ಮೊದಲ ಮೆಣಸಿನಕಾಯಿಯ ಚಟ್ನಿ ಅದು. "ಹಂಗಾದ್ರ ಬರಿ ರೊಟ್ಟಿ ತಿನ್ರಿ."

ಮಾಸ್ತರರು ಒಂದು ತುತ್ತು ಅಗಿದರು. ಅವಳ ಮುಖ ನೋಡಿದರು. "ಮಾಫ್ ಮಾಡ್ರಿ ಸುಲ್ತಾನ್ರ," ಎಂದು ಕೋಟೆಯನ್ನು ಬಾಯಿಗೆ ಹಾಕಿಕೊಂಡು, ರೊಟ್ಟಿಯನ್ನು ಅವಳತ್ತ ಚಾಚಿದರು.