ಪಾಲಿನ ಬಾಗಿಲು

ಮನೆ ಪಾಲಾದ ದಿನ ತಲೆಬಾಗಿಲನ್ನು ಅಣ್ಣನೂ ಬಿಡಲಿಲ್ಲ, ತಮ್ಮನೂ ಬಿಡಲಿಲ್ಲ. ಪಂಚರು ರೋಸಿಹೋಗಿ ಅದನ್ನು ಉದ್ದಕ್ಕೆ ಎರಡು ಹೋಳಾಗಿ ಕೊಯ್ಯಿಸಿದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಕಾಡುಬೆಕ್ಕು ಮೂರು ಕೋಳಿ ಹೊತ್ತೊಯ್ದ ಮೇಲೆ ಅಣ್ಣ ಹಿತ್ತಲಲ್ಲಿ ಮುರುಕು ಮಂಚಕ್ಕೆ ತುಕ್ಕು ತಗಡು ಬಡಿದು ಗೂಡು ಕಟ್ಟಿದ. ಬಾಗಿಲಿಗೆ ತನ್ನ ಹೋಳನ್ನೇ ನಿಲ್ಲಿಸಿದ. ಗೂಡಿನ ಬಾಯಿ ಅರ್ಧ ಮಾತ್ರ ಮುಚ್ಚಿತು.

ಅಷ್ಟರಲ್ಲಿ ತಮ್ಮ ಬೇಲಿ ದಾಟಿ ಬಂದ. ಕಂಕುಳಲ್ಲಿ ಗೋಣಿ ಸುತ್ತಿದ್ದ ಏನೋ ಉದ್ದನೆಯದಿತ್ತು.

“ಅಪ್ಪ ಮಾಡ್ಸಿದ ಬಾಗ್ಲು ಕೋಳಿಗೂಡಿಗಾ?”

“ನನ್ನ ಪಾಲು, ನನ್ನಿಷ್ಟ.”

“ಸರ್ಕೋ ಆ ಕಡೆ.”

“ಇನ್ನೊಂದ್ ಹೆಜ್ಜೆ ಇಟ್ರೆ ತಲೆ ಒಡೀತೀನಿ!” ಅಣ್ಣ ಸುತ್ತಿಗೆ ಎತ್ತಿದ.

ತಮ್ಮ ಗೋಣಿ ಕಿತ್ತೆಸೆದ. ಬಾಗಿಲಿನ ಇನ್ನೊಂದು ಹೋಳು.

“ಅರ್ಧ ಬಾಗ್ಲಿಗೆ ಕಾಡುಬೆಕ್ಕು ಜಗ್ಗುತ್ತಾ? ಮೊಳೆ ಕೊಡು.”