ಮುಖಪುಟದ ಮುದುಕಿ

"ನಡುವೆ ದಲ್ಲಾಳಿ ಯಾಕೆ ಮೇಡಂ? ನನ್ನ ಚಿತ್ರ, ನಿಮ್ಮ ಪುಸ್ತಕ. ಅಷ್ಟೇ," ಎನ್ನುತ್ತ ಛಾಯಾಗ್ರಾಹಕ ಯಾರೂ ಹೇಳುವ ಮೊದಲೇ ಕುರ್ಚಿ ಎಳೆದು ಕುಳಿತ.

ಹದಿನೈದು ವರ್ಷ ಅವನ ಚಿತ್ರಗಳನ್ನು ಪ್ರಕಾಶಕರಿಗೆ ಮಾರಿಕೊಟ್ಟ ಏಜೆಂಟನನ್ನು ನಿನ್ನೆಯಷ್ಟೇ ರಕ್ತ ಹೀರುವ ತಿಗಣೆ ಎಂದು ಬೈದು, ಒಪ್ಪಂದ ಹರಿದು ಅವನ ಮೇಜಿನ ಮೇಲೆ ಎಸೆದು ಬಂದಿದ್ದ. ಇನ್ನು ಮುಂದೆ ನೇರ ಮಾರಾಟ. ಈ ಮೊದಲ ಮುಖಪುಟವೇ ಕೈತಪ್ಪಿದರೆ ಅದೇ ತಿಗಣೆಯ ಮುಂದೆ ಹಲ್ಲು ಗಿಂಜಬೇಕು.

ಸಂಪಾದಕಿಯನ್ನು ನೋಡಿದ ಮೇಲೆ ಧೈರ್ಯ ಬಂತು. ದಪ್ಪ ಕನ್ನಡಕ, ತೋಳಿಗೆ ಅಂಟಿನ ಕಲೆ, ಮೇಜಿನ ತುಂಬ ಕರಡು ಹಾಳೆ. ಇವಳಿಗೆ ಬೆಳಕು ಯಾವುದು, ನೆರಳು ಯಾವುದು ಎಂದು ಗೊತ್ತಿದ್ದರೆ ಹೆಚ್ಚು. ಪುಸ್ತಕ ಮಾಡುವವರೆಲ್ಲ ಹೀಗೇ, ತಪ್ಪು ಅಕ್ಷರ ಹುಡುಕಿ ಹುಡುಕಿ ಕಣ್ಣು ಕಳೆದುಕೊಂಡವರು ಎಂದುಕೊಂಡ.

ನಗರದ ನಿರ್ಗತಿಕರ ಬಗ್ಗೆ ಬರುವ ಪುಸ್ತಕಕ್ಕೆ ಮುಖಪುಟದ ಚಿತ್ರ ಬೇಕಾಗಿತ್ತು. ಅವನು ತನ್ನದನ್ನು ಮುಂದಕ್ಕೆ ತಳ್ಳಿದ. ಯಾವುದೋ ಗೋದಾಮಿನ ಹಿಂದಿನ ಓಣಿ. ನೆಲದ ಮೇಲೆ ಕುಳಿತ ಮುದುಕಿ. ಕೆದರಿದ ಬಿಳಿ ಕೂದಲು, ಹರಿದ ಸ್ವೆಟರ್, ನೆನೆದ ಪುಸ್ತಕಗಳ ರಾಶಿಯೊಳಗೆ ಮುಳುಗಿದ ಕೈಗಳು, ದುರುಗುಟ್ಟುವ ಕಣ್ಣು.

ಸಂಪಾದಕಿಗೆ ಕೆಮ್ಮು ಬಂತು. ಸಾವರಿಸಿಕೊಂಡು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು.

"ಈ ಮುಖ ನೋಡಿದ್ರೆ ಹೆದರಿಕೆ ಆಗತ್ತೆ."

"ಅದು ಹಸಿವು ಮೇಡಂ." ದಡ್ಡ ಮಗುವಿಗೆ ಪಾಠ ಹೇಳುವಂತೆ ಹೇಳಿದ. "ರದ್ದಿ ಆಯ್ದು ಹೊಟ್ಟೆ ಹೊರೀತಾಳೆ."

"ಮಾತಾಡಿಸಿದ್ರಾ?"

"ಗಂಟೆಗಟ್ಟಲೆ! ನನ್ನ ಕೈ ಹಿಡ್ಕೊಂಡು ಅತ್ತಳು, ಪಾಪ."

ಅವನು ಆ ಚಿತ್ರ ತೆಗೆದದ್ದು ರಸ್ತೆಯ ಆಚೆ ಬದಿಯಿಂದ, ಕಾರಿನ ಕಿಟಕಿಯೊಳಗಿಂದ, ಉದ್ದನೆಯ ಲೆನ್ಸ್ ಹಾಕಿ. ಇಂಥವರ ಬಳಿ ಸುಳಿಯುವುದೆಂದರೆ ಅವನಿಗೆ ಅಸಹ್ಯ.

"ಮಕ್ಕಳು ಮರಿ?"

"ಒಬ್ಬಳು ಮಗಳಿದಾಳೆ. ಓದಿದವಳಂತೆ. ಹೆತ್ತ ತಾಯೀನ ಬೀದಿಗೆ ತಳ್ಳಿ ಹಾಯಾಗಿದಾಳೆ."

"ಅಯ್ಯೋ! ಅಂಥವಳಿಗೆ ಏನು ಮಾಡ್ಬೇಕು?"

"ಮೆಟ್ಟು ತಗೊಂಡು ಹೊಡೀಬೇಕು."

ಸಂಪಾದಕಿ ಅದನ್ನೂ ಬರೆದುಕೊಂಡಳು. ಕಿವಿ ಮೇಲೆ ಹೂವಿಟ್ಟರೆ ಹೀಗಿಡಬೇಕು ಎಂದು ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡ.

"ಆಕೆಯ ಒಪ್ಪಿಗೆ ಪತ್ರ ಇದೆಯಾ?"

ಗುರುತು ಸಿಗುವ ಮುಖವಿದ್ದರೆ ಆ ಮನುಷ್ಯರ ಬರಹದ ಒಪ್ಪಿಗೆಯಿಲ್ಲದೆ ಈ ಪ್ರಕಾಶನ ಚಿತ್ರ ಕೊಳ್ಳುತ್ತಿರಲಿಲ್ಲ. ಇಷ್ಟು ವರ್ಷ ಅದಕ್ಕಾಗಿ ಬೀದಿ ಬೀದಿ ಅಲೆದವನು ಏಜೆಂಟ್. ಆ ಪೆದ್ದನಿಗೆ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಛಾಯಾಗ್ರಾಹಕ ಇವತ್ತು ಬೆಳಿಗ್ಗೆ ಕಾಫಿ ಆರುವುದರೊಳಗೆ ಮುಗಿಸಿದ್ದ. ತನ್ನ ಹೆಬ್ಬೆರಳನ್ನೇ ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿದ್ದ.

"ಓದು ಬರಹ ಎಲ್ಲಿಂದ ಬರಬೇಕು? ಹೆಬ್ಬೆಟ್ಟು ಒತ್ತಿದಾಳೆ."

"ಬಲಗೈದಾ?"

"ಬಲಗೈದೇ. ನಾನೇ ಹಿಡಿದು ಒತ್ತಿಸಿದ್ದು."

"ಹಾಗಂತ ಕೆಳಗೆ ಬರೆದು ಒಂದು ಸಹಿ ಹಾಕಿಬಿಡಿ."

ಹೆಬ್ಬೆಟ್ಟಿನ ಕೆಳಗೆ ಅವನು ಮೂರು ಸಾಲು ಬರೆದು, ದೊಡ್ಡದಾಗಿ ಸಹಿ ಗೀಚಿದ. ನಾಳೆ ಮುಖಪುಟದ ಒಂದು ಪ್ರತಿಯನ್ನು ತಿಗಣೆಯ ಮನೆಗೆ ಅಂಚೆಯಲ್ಲಿ ಕಳಿಸಬೇಕೆಂದು ಆಗಲೇ ಲೆಕ್ಕ ಹಾಕುತ್ತಿದ್ದ.

"ಮುಖಪುಟ ಅಂದ್ರೆ ನಮ್ಮ ಮಾಲೀಕರೇ ಹೂಂ ಅನ್ನಬೇಕು. ಹಿಂದೆ ಗೋದಾಮಲ್ಲಿದಾರೆ, ಕರೀತೀನಿ." ಸಂಪಾದಕಿ ಬಾಗಿಲ ಕಡೆ ತಿರುಗಿ ಕೂಗಿದಳು. "ಅಮ್ಮಾ! ಸ್ವಲ್ಪ ಬಾ. ನಿನ್ನ ಒಪ್ಪಿಗೆ ಬೇಕಂತೆ."

"ನೆನೆದಿರೋ ಪುಸ್ತಕ ಒಣಗಿಸೋಕೂ ಬಿಡಲ್ಲ ನೀನು," ಎಂದು ಗೊಣಗುತ್ತ ಹರಿದ ಸ್ವೆಟರಿನ ಮುದುಕಿ ಒಳಗೆ ಬಂದಳು. ಚಿತ್ರ ನೋಡಿದಳು. ಅವನನ್ನು ನೋಡಿದಳು, ಕಾಲಿಗೆ ಹತ್ತಿದ ಕೆಸರು ನೋಡುವಂತೆ. ಛಾಯಾಗ್ರಾಹಕ ಎದ್ದು ನಿಂತ.

ಮಗಳು ಕೊಟ್ಟ ಒಪ್ಪಿಗೆ ಪತ್ರವನ್ನು ಮುದುಕಿ ಬಲಗೈಯ ಎರಡು ಬೆರಳುಗಳ ನಡುವೆ ಸಿಕ್ಕಿಸಿಕೊಂಡು ಓದತೊಡಗಿದಳು; ಆ ಕೈಯ ಹೆಬ್ಬೆರಳನ್ನು ಕಾಗದ ಕತ್ತರಿಸುವ ಯಂತ್ರ ಇಪ್ಪತ್ತು ವರ್ಷಗಳ ಹಿಂದೆಯೇ ಬುಡಸಮೇತ ತಿಂದುಹಾಕಿತ್ತು.