ಮಾವನಿಗೆ ಒಂದು ಇಡೀ ಕೋಳಿ

"ನಾನು ಹತ್ತಿರ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದಾ?"

ಜಯಶೀಲ ಹೀಗೆ ಕೇಳಿದ್ದು ಮೂರನೇ ಸಲ. ಥಾಣೆಯ ಘೋಡಬಂದರ್ ರಸ್ತೆಯ ಆ ಅಂಗಡಿಯಲ್ಲಿ ಇದ್ದಿಲಿನ ಗ್ರಿಲ್ಲು, ಇಕ್ಕಳ, ಕಂಬಿ ಎಲ್ಲ ಸಿಗುತ್ತಿತ್ತು. ಗ್ರಿಲ್ಲು ಅವನ ಮನೆಯ ಟೆರೇಸಿನಲ್ಲಿ ಆಗಲೇ ಇತ್ತು. ಈಗ ಬೇಕಾದದ್ದು ಅದರ ಬೆಂಕಿ ಕಾಯುವ ಯಂತ್ರ.

ಸೇಲ್ಸ್‌ಮನ್ ರವಿಕಿರಣ್ ಗದಗದ ಕಡೆಯವನು. ಗಿರಾಕಿ ಕನ್ನಡದವರು ಅಂತ ಗೊತ್ತಾದದ್ದೇ ತಡ, ಅವನಿಗೆ ಹುರುಪು ಬಂದಿತ್ತು.

"ನೀವು ಮನಿಯಾಗ ಮಲ್ಕೊಂಡ್ರೂ ಮಾಡ್ತೈತ್ರಿ ಸರ. ಈ ಸಣ್ಣ ಫ್ಯಾನ್ ಗ್ರಿಲ್ಲಿನ ಕೆಳಗಿನ ಕಿಂಡಿಗೆ ಕೂಡಸೋದು. ಬಿಸಿ ಕಮ್ಮಿ ಆತಂದ್ರ ಗಾಳಿ ಊದತೈತಿ, ಜಾಸ್ತಿ ಆತಂದ್ರ ಸುಮ್ನ ಕುಂದರತೈತಿ. ಬೆಂಕಿ ಬಾಜೂಕ ನೀವು ಕೂಡೋದೇ ಬ್ಯಾಡ."

"ಒಂದು ಸಲ ಕೂತಿದ್ದೇನೆ. ಸಾಕು," ಎಂದ ಜಯಶೀಲ.

ಮೇಜಿನ ಮೇಲೆ ಮೂರು ಯಂತ್ರಗಳಿದ್ದವು. ಮೊದಲನೆಯದು ಅಗ್ಗದ್ದು. ಗ್ರಿಲ್ಲಿನ ಬಿಸಿ ಹೇಳುತ್ತಿತ್ತೇ ಹೊರತು ಕೋಳಿಯ ಒಳಗಿನದ್ದು ಹೇಳುತ್ತಿರಲಿಲ್ಲ. ಅದನ್ನು ಆಚೆ ಸರಿಸಿದ. ಎರಡನೆಯದು ಮೊಬೈಲಿಗೆ ಸುದ್ದಿ ಕಳಿಸುವಂಥದ್ದು.

"ಎಷ್ಟೊತ್ತಿಗೆ ಎಷ್ಟು ಬಿಸಿ ಇತ್ತು, ಎಲ್ಲಾ ದಾಖಲೆ ಉಳೀತೈತ್ರಿ."

"ದಾಖಲೆ ಯಾರಿಗೆ ತೋರಿಸಲಿಕ್ಕೆ? ತಿನ್ನುವವರು ಒಬ್ಬರೇ."

ಮೂರನೆಯದಕ್ಕೆ ಎರಡು ವೈರು. ಒಂದು ಗ್ರಿಲ್ಲಿಗೆ. ಇನ್ನೊಂದರ ತುದಿಯಲ್ಲಿ ಕೋಳಿಯ ತೊಡೆಗೆ ಚುಚ್ಚುವ ಉದ್ದ ಸೂಜಿ. ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಬೆಂದ ಕೂಡಲೇ ಕೂಗುತ್ತಿತ್ತು. ಜಯಶೀಲ ಸೂಜಿಯ ಮೊನೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದ.

"ಇಷ್ಟೆಲ್ಲ ಯಾಕ್ರಿ ಸರ? ಒಂದು ತುಂಡು ಹರದು ಬಾಯಾಗ ಹಾಕ್ಕೊಂಡ್ರ ಗೊತ್ತಾಗತೈತಲ್ಲ?"

"ಮಾವ ತಿನ್ನುವ ಮೊದಲು ಯಾರೂ ಬಾಯಿಗೆ ಹಾಕುವ ಹಾಗಿಲ್ಲ ಮಾರಾಯ್ರೆ. ನಾನೂ ಇಲ್ಲ. ಇಡೀ ಕೋಳಿ ಹಾಗೇ ಅವರ ಎಲೆಗೆ ಹೋಗಬೇಕು."

ಹೇಳಿದ ರೀತಿಗೆ ರವಿಕಿರಣನ ನಗು ಅಲ್ಲೇ ನಿಂತಿತು. ಮೂರನೆಯದಕ್ಕೆ ಬಿಲ್ಲು ಮಾಡಿಕೊಟ್ಟ.

ಮಾವ ಎಂದರೆ ಕಲ್ಯಾಣ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸಿದ ಮುಂಡಪ್ಪ ಶೆಟ್ಟರು. ಮದುವೆಯಾದ ಹೊಸತರಲ್ಲಿ ಜಯಶೀಲ ಅವರ ಹೋಟೆಲಿನಲ್ಲಿ ಇದ್ದಿಲ ಕೋಳಿ ಶುರು ಮಾಡುತ್ತೇನೆಂದು ಹಟ ಹಿಡಿದ. ಮೊದಲ ದಿನ ನೆಂಟರಿಷ್ಟರೆಲ್ಲ ಸೇರಿದ್ದರು. ಮಾವ ಕೋಳಿಯ ಕಾಲು ಮುರಿದರು. ಒಳಗೆ ರಕ್ತಗೆಂಪು.

"ಹೊರಗೆ ಕರಿ, ಒಳಗೆ ಹಸಿ. ನನ್ನ ಅಳಿಯನ ಹಾಗೇ," ಎಂದರು ಮುಂಡಪ್ಪ ಶೆಟ್ಟರು. "ಬೆಂಕಿಯ ಪಕ್ಕ ಕೂರುವ ತಾಳ್ಮೆ ಇವನಿಗೆಲ್ಲಿಂದ ಬರಬೇಕು?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅಳಿಯನಿಗೆ ಅಡುಗೆಮನೆ ಬಂದ್, ಜಾಗ ಗಲ್ಲಾಪೆಟ್ಟಿಗೆಯ ಹಿಂದೆ. ಅಷ್ಟಕ್ಕೇ ಮುಗಿಯಿತೇ? ಡೊಂಬಿವಲಿಯಲ್ಲಿ ಯಾರದೇ ಮದುವೆಯಿರಲಿ, ನಾಮಕರಣವಿರಲಿ, ಮಾವ ಅದೇ ಕಥೆ ತೆಗೆಯುವವರು. ಜಯಶೀಲ ಥಾಣೆಯಲ್ಲಿ ಸ್ವಂತ ಹೋಟೆಲು ಮಾಡಿದ, ಗೆದ್ದ. ಮಾವನ ಬಾಯಿಂದ ಒಂದು ಒಳ್ಳೆಯ ಮಾತು ಉದುರಲಿಲ್ಲ. ಹಸಿ, ತಾಳ್ಮೆಯಿಲ್ಲ ಎಂಬ ಆ ಎರಡು ಮಾತುಗಳನ್ನು ಅವರಿಂದಲೇ ನುಂಗಿಸಬೇಕು, ಈ ಭಾನುವಾರ ಮುದುಕರ ಬಾಯಿ ಮುಚ್ಚಿಸಲೇಬೇಕು. ಅಷ್ಟಾಗದೆ ಅವನಿಗೆ ನೆಮ್ಮದಿಯಿಲ್ಲ.

ಹೆಂಡತಿ ಚಂಪಾ ಪೆಟ್ಟಿಗೆ ನೋಡಿ ಮುಖ ಸಣ್ಣ ಮಾಡಿದಳು. "ಅಪ್ಪ ಬರುವ ದಿನ ಹಗೆ ಇಟ್ಟುಕೊಂಡು ಬೆಂಕಿ ಹಚ್ಚಬೇಡಿ. ಕಳೆದ ವರ್ಷದ ಹಾಗೆ ನಾನೇ ಕೋಳಿಸುಕ್ಕ ಮಾಡುತ್ತೇನೆ."

"ನಿನ್ನ ಸುಕ್ಕಕ್ಕೆ ಅವರು ಚಕಾರ ಎತ್ತಲಿಲ್ಲವಲ್ಲ? ನನ್ನದಕ್ಕೂ ಎತ್ತಬಾರದು."

"ಎತ್ತುವುದಿಲ್ಲ," ಎಂದಳು ಚಂಪಾ, ಬೇರೆ ಕಡೆ ನೋಡುತ್ತಾ.

ಭಾನುವಾರ ಮಸಾಲೆ ಅರೆದವನು ಅವನೇ. ಆ ಪಾತ್ರೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ಇದ್ದಿಲು ಹೊತ್ತಿಸಿದ, ಕಿಂಡಿಗೆ ಫ್ಯಾನು ಕೂರಿಸಿದ, ಕೋಳಿಯ ತೊಡೆಗೆ ಸೂಜಿ ಚುಚ್ಚಿ ಮುಚ್ಚಳ ಹಾಕಿದ. ಫ್ಯಾನು ಸಣ್ಣಗೆ ಗುಂಯ್‌ಗುಟ್ಟಿತು, ನಿಂತಿತು, ಮತ್ತೆ ಗುಂಯ್‌ಗುಟ್ಟಿತು. ಇನ್ನು ಅವನು ಕೆಳಗೆ ಹೋಗಿ ಮಲಗಬಹುದಿತ್ತು. ದುಡ್ಡು ಸುರಿದು ತಂದದ್ದೇ ಅದಕ್ಕೆ. ಆದರೆ ಪುಣ್ಯಾತ್ಮ ಒಂದು ಕುರ್ಚಿ ಎಳೆದುಕೊಂಡು, ಅಂಕಿಗಳ ಮೇಲೆ ಕಣ್ಣು ನೆಟ್ಟು, ಯಂತ್ರ ಕೂಗುವ ತನಕ ಅಲ್ಲೇ ಕೂತ.

ಸಂಜೆ ಒಳಕೋಣೆ ಗುಡಿಸಿ ಒರೆಸಿ ಮಣೆ ಹಾಕಿದರು. ಬಾಳೆಎಲೆ, ಒಂದು ಲೋಟ ಶೇಂದಿ, ನಡುವೆ ಇಡೀ ಕೋಳಿ. ಚಂಪಾ ಮೆಲ್ಲಗೆ ಅಪ್ಪನನ್ನು ಊಟಕ್ಕೆ ಕರೆದಳು. ಆಮೇಲೆ ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಮಾವ ಉಣ್ಣುವಾಗ ಇಣುಕಬಾರದು, ಮಾತಾಡಬಾರದು. ಅದು ಅವರಲ್ಲಿ ಪದ್ಧತಿ.

ಜಯಶೀಲ ಬಾಗಿಲಿಗೆ ಕಿವಿಯಿಟ್ಟು ನಿಂತ. ಒಂದು ಕೆಮ್ಮಿಲ್ಲ, ಒಂದು ಗೊಣಗಾಟವಿಲ್ಲ.

"ಸಾಕು. ಆಗಿರುತ್ತದೆ," ಪಿಸುಗುಟ್ಟಿದಳು ಚಂಪಾ.

ಅವನು ಬಾಗಿಲು ತಟ್ಟಿ, ತೆರೆದ.

ಕೋಳಿ ಇಟ್ಟ ಹಾಗೇ ಇತ್ತು. ಶೇಂದಿ ಒಂದು ಗುಟುಕೂ ಇಳಿದಿರಲಿಲ್ಲ. ಮಣೆ ಖಾಲಿ.

"ಅಪ್ಪನದ್ದಾಯಿತು. ಇನ್ನು ನಾವು ತಿನ್ನಬಹುದು," ಎಂದಳು ಚಂಪಾ.

ಜಯಶೀಲ ಎಲೆಯ ಮುಂದೆ ಕುಕ್ಕರಿಸಿ ಕೋಳಿಯ ಕಾಲು ಮುರಿದ. ಒಳಗೆ ಬೆಳ್ಳಗೆ, ಹದವಾಗಿ ಬೆಂದಿತ್ತು. ಅದನ್ನು ಖಾಲಿ ಮಣೆಯ ಕಡೆ ಚಾಚಿ ಹಿಡಿದ.

"ನೋಡಿ ಮಾವ. ಎಲ್ಲಿದೆ ಹಸಿ? ತೋರಿಸಿ," ಎಂದ. ತುಂಡನ್ನು ಇನ್ನಷ್ಟು ಮುಂದಕ್ಕೆ ಚಾಚಿದ. "ಒಂದು ಸಲ ಬೈಯಿರಿ ಮಾವ. ಬೈದಾದರೂ ಮಾತಾಡಿ."

ಎರಡು ವರ್ಷದ ಹಿಂದೆ ಕಲ್ಯಾಣದ ಸ್ಮಶಾನದಲ್ಲಿ, ನೆಂಟರಿಷ್ಟರೆಲ್ಲ ಮನೆಗೆ ಹೊರಟ ಮೇಲೂ, ಮುಂಡಪ್ಪ ಶೆಟ್ಟರ ಚಿತೆಯ ಪಕ್ಕ ಬೆಂಕಿ ಆರುವ ತನಕ ಕದಲದೆ ಕೂತಿದ್ದವನು ಈ ಅಳಿಯ ಒಬ್ಬನೇ.